ಟೊಮೆಟೊ ವಾಸನೆ

ಮುಳಬಾಗಿಲು ಹತ್ತಿರ ನಮ್ಮ ಟೊಮೆಟೊ ಗಾಡಿ ಪಲ್ಟಿಯಾಗಿ ಎಂಟು ತಿಂಗಳಾಯಿತು. ಮುರಿದ ಕೈ ಕೂಡಿಕೊಂಡಿತು. ಆದರೆ ಕೋಲಾರದ ಎಪಿಎಂಸಿ ಗೇಟಿನ ಹತ್ತಿರ ಹೋದರೆ ಸಾಕು, ಜಜ್ಜಿದ ಹಣ್ಣಿನ ವಾಸನೆಗೆ ಅಂಗೈ ಬೆವರುತ್ತಿತ್ತು. ಟೊಮೆಟೊದಲ್ಲೇ ಅನ್ನ ತಿನ್ನುವವನಿಗೆ ಇದೆಂಥಾ ಗ್ರಹಚಾರ ನೋಡಿ. ಅಮ್ಮ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು.

ಕೊನೆಗೆ, ಗಂಡನ ಮನೆ ಬಿಟ್ಟು ನಮ್ಮ ಜೊತೆಗಿರುವ ಅಕ್ಕ ನನ್ನನ್ನು ಕೌನ್ಸೆಲರ್ ಮುಂದೆ ಕೂರಿಸಿದಳು. ಅವರು ಕೊಟ್ಟಿದ್ದು ಪಿಸಿಎಲ್-5 ಅನ್ನುವ ಹಾಳೆ, ಆಘಾತ ಮನಸ್ಸನ್ನು ಎಷ್ಟು ಕಾಡುತ್ತಿದೆ ಅಂತ ನೋಡೋಕೆ. ಕಳೆದ ಒಂದು ತಿಂಗಳ ಬಗ್ಗೆ 20 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4ರ ತನಕ ಅಂಕ. ಬೇಡವೆಂದರೂ ನೆನಪು ನುಗ್ಗುತ್ತಾ? 4. ನಿದ್ದೆ? 3. ನಡೆದಿದ್ದಕ್ಕೆ ನಿಮ್ಮನ್ನೇ ಬೈದುಕೊಳ್ಳುತ್ತೀರಾ ಅನ್ನುವಲ್ಲಿ ಪೆನ್ನು ನಿಂತೇಬಿಟ್ಟಿತು. ಅವತ್ತು ರಾತ್ರಿ 'ಇನ್ನೊಂದು ಟ್ರಿಪ್ ಹೊಡೆಯೋಣ' ಅಂದವನು ನಾನೇ ಅಲ್ವಾ. 4 ಹಾಕಿದೆ.

ಒಟ್ಟು 47 ಬಂತು. ಸಾಮಾನ್ಯವಾಗಿ 31-33 ದಾಟಿದರೆ ಕೂತು ಸರಿಯಾಗಿ ವಿಚಾರಿಸಬೇಕಂತೆ. ಬರೀ ಅಂಕ ನೋಡಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಿಡದೆ ಕಾಡುವ ಮನಸ್ಸಿನ ಕಾಯಿಲೆ, ಅಂತ ಹೇಳೋಕಾಗಲ್ಲ ಅಂದರು.

ಆಘಾತದ ಬಗ್ಗೆಯೇ ಇನ್ನೊಂದು ಪ್ರಶ್ನೆಗಳ ಹಾಳೆ ಐಟಿಕ್ಯೂ. ಮನಸ್ಸು ಕೆಟ್ಟರೆ ಸಮಾಧಾನವಾಗೋಕೆ ತುಂಬಾ ಹೊತ್ತು ಬೇಕಾ, ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸುತ್ತಾ, ಜನರಿಂದ ದೂರ ಆಗಿದ್ದೀನಿ ಅನ್ನಿಸುತ್ತಾ ಅಂತೆಲ್ಲ ಕೇಳುತ್ತದೆ. ವರ್ಷಗಟ್ಟಲೆ ಹೊಡೆತ ತಿಂದವರಲ್ಲಿ ಇವು ಜಾಸ್ತಿಯಂತೆ. ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅನ್ನುತ್ತಾರೆ. ನನ್ನದು ಅದಲ್ಲ.

ಅಕ್ಕ ಮಾತ್ರ ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಾ ಕೇಳಿದಳು: 'ಮುಂದಿನ ವಾರ ನಂಗೂ ಒಂದು ಕೊಡ್ತಾರೇನೋ?'