ಬಾಟಲಿಯ ನೀರು ನಿಂತಾಗ

ಎದೆಯ ಶಸ್ತ್ರಚಿಕಿತ್ಸಕನಾಗಲು ಎಂಬಿಬಿಎಸ್ ಮುಗಿಸಿದ ಮೇಲೆ ಮೂರು ವರ್ಷ ಎಂಎಸ್, ಮತ್ತೆ ಮೂರು ವರ್ಷ ಎಂಸಿಎಚ್ ಓದಬೇಕು. ಅಷ್ಟನ್ನೂ ಓದಿ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಮಾಡಿದ ತಪ್ಪು, ರೋಗಿಯ ಮಂಚದ ಕೆಳಗೆ ಇಟ್ಟಿದ್ದ ಒಂದು ಬಾಟಲಿಗೆ ಸಂಬಂಧಿಸಿದ್ದು.

ಪಾಂಡವಪುರದ ಕಡೆ ಆಲೆಮನೆಯಲ್ಲಿ ದುಡಿಯುತ್ತಿದ್ದ, ಐವತ್ತು ದಾಟಿದ ಒಬ್ಬರು ಮೂರು ವಾರ ಜ್ವರ, ಕೆಮ್ಮನ್ನು ಮಾತ್ರೆಯಲ್ಲೇ ತಳ್ಳಿ, ಕೊನೆಗೆ ಉಸಿರಾಡಲಾಗದೆ ಬಂದಿದ್ದರು. ನ್ಯುಮೋನಿಯಾದಿಂದಾಗಿ ಬಲ ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳಗಳೂ ನರವೂ ಸಾಗುವುದರಿಂದ, ಅದರ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡೇ ಟ್ಯೂಬ್ ಒಳಗಿಳಿಸಿ, ಇನ್ನೊಂದು ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿದೆ. ಒಳಗಿನ ಕೀವು ಮತ್ತು ಗಾಳಿಯನ್ನು ಹೊರಗೆ ಬಿಡುವ ಆ ನೀರು ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ರೋಗಿ ಉಸಿರಾಡಿದಂತೆಲ್ಲ ಕೊಳವೆಯೊಳಗೆ ಅದು ಏರಿಳಿಯುತ್ತಿರುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಆ ಏರಿಳಿತ ನಿಂತಿತ್ತು. ಶ್ವಾಸಕೋಶ ಪೂರ್ತಿ ಹಿಗ್ಗಿ ಎದೆಗೂಡಿಗೆ ತಾಗಿದರೂ ನೀರು ನಿಲ್ಲುತ್ತದೆ, ಟ್ಯೂಬ್ ಕಟ್ಟಿಕೊಂಡರೂ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಇದನ್ನು ಎಷ್ಟೋ ಸಲ ಬರೆದಿದ್ದ ನಾನು, ಆವತ್ತು ನನಗೆ ಬೇಕಾದ ಕಾರಣವನ್ನೇ ನಂಬಿ, ಶ್ವಾಸಕೋಶ ಹಿಗ್ಗಿದೆ ಎಂದು ಕೇಸ್ ಶೀಟಿನಲ್ಲಿ ಬರೆದು, ನಾಳೆ ಟ್ಯೂಬ್ ತೆಗೆಯುತ್ತೇವೆ ಎಂದು ಅವರ ಹೆಂಡತಿಗೆ ಹೇಳಿ ಮುಂದಿನ ಮಂಚಕ್ಕೆ ಹೋದೆ.

ರಾತ್ರಿ ಪಾಳಿಯ ಸಿಸ್ಟರ್ ಫೋನ್ ಮಾಡಿದರು. "ಜ್ವರ ಮತ್ತೆ ಏರಿದೆ ಸರ್. ಕೆಮ್ಮಿಸಿದರೂ ನೀರು ಅಲ್ಲಾಡ್ತಿಲ್ಲ. ಬೆಳಿಗ್ಗೆ ನೀವು ಎದೆ ಕೇಳಿದ್ರಾ?"

ಕೇಳಿರಲಿಲ್ಲ. ಹೋಗಿ ಸ್ಟೆತಾಸ್ಕೋಪ್ ಇಟ್ಟರೆ ಬಲಗಡೆ ಕೆಳಭಾಗದಲ್ಲಿ ಉಸಿರಿನ ಸದ್ದೇ ಇಲ್ಲ. ಎಕ್ಸ್‌ರೇಯಲ್ಲಿ ಅಲ್ಲೆಲ್ಲ ಬಿಳಿ. ಗಟ್ಟಿಯಾದ ಕೀವು ಟ್ಯೂಬನ್ನು ಮುಚ್ಚಿತ್ತು.

"ಟೂಬು ತೆಗಿತೀವಿ ಅಂದಿದ್ರಲ್ಲ ಸ್ವಾಮಿ," ಎಂದು ಅವರ ಹೆಂಡತಿ ಮರುದಿನ ಕೇಳಿದಾಗ, ನಾನು ಸರಿಯಾಗಿ ಪರೀಕ್ಷಿಸದೆ ಹಾಗೆ ಹೇಳಿದ್ದೆ ಎಂದು ಒಪ್ಪಿಕೊಂಡೆ. ಅವರು ಬಂದಾಗಲೇ ತಡವಾಗಿದ್ದರಿಂದ ಆಪರೇಷನ್ ಹೇಗೂ ಬೇಕಾಗುತ್ತಿತ್ತೇನೋ. ಆದರೆ ಆ ಒಂದು ಹಗಲು ಅವರೊಳಗೆ ಕೀವು ನಿಲ್ಲಲು ಬಿಟ್ಟವನು ನಾನು.

ಎದೆ ತೆರೆದಾಗ ಶ್ವಾಸಕೋಶದ ಮೇಲೆ ತೊಗಟೆಯಂಥ ದಪ್ಪ ಪದರ ಕಟ್ಟಿತ್ತು. ಅರಿವಳಿಕೆ ವೈದ್ಯರು ಮೆಲ್ಲಗೆ ಗಾಳಿ ತುಂಬುತ್ತಿದ್ದರೆ, ಅದನ್ನು ಅಂಚಿನಿಂದ ಎತ್ತಿ, ಕೆಳಗಿನ ನವಿರಾದ ಪೊರೆ ಹರಿಯದ ಹಾಗೆ ಚೂರುಚೂರಾಗಿ ಬಿಡಿಸಬೇಕು. ಗಂಟೆಗಟ್ಟಲೆ ಹಿಡಿಯುವ ಈ ಕೆಲಸದಲ್ಲಿ ಆತುರಪಟ್ಟರೆ ಶ್ವಾಸಕೋಶದಿಂದಲೇ ಗಾಳಿ ಸೋರುತ್ತದೆ. ಪದರ ಬಿಟ್ಟ ಕಡೆಯೆಲ್ಲ ಮುದುಡಿದ್ದ ಶ್ವಾಸಕೋಶ ಉಬ್ಬಿ ಮೇಲೆದ್ದು ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಕೆಆರ್‌ಎಸ್ ರಸ್ತೆಯ ಹಳೆಯ ಕ್ಷಯರೋಗ ಆಸ್ಪತ್ರೆಯ ಮುಂದೆ ಹೋಗುವಾಗ ಇದು ನೆನಪಾಗುತ್ತದೆ: 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬರುವ ಮುಂಚೆ ನಮ್ಮ ವಿದ್ಯೆಯವರು ಪಕ್ಕೆಲುಬುಗಳನ್ನೇ ತೆಗೆದು, ಕ್ಷಯ ಹಿಡಿದ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸುತ್ತಿದ್ದರು.

ಈಗ ನನ್ನ ಕಿರಿಯ ವೈದ್ಯರು ಬಾಟಲಿಯ ವಿಷಯ ಹೇಳುವ ಮೊದಲು ಎರಡೂ ಕಡೆಯ ಉಸಿರಿನ ಸದ್ದನ್ನು ಹೇಳಬೇಕು. ಸಿಸ್ಟರ್‌ಗಳು ಬರೆದ ಜ್ವರದ ಚಾರ್ಟನ್ನೂ ಓದಿಯೇ ರೌಂಡ್ಸಿಗೆ ಬರಬೇಕು.

ಆಪರೇಷನ್ ಆದ ಆರನೆಯ ದಿನ ಅವರ ಬಾಟಲಿಯ ನೀರು ಮತ್ತೆ ನಿಂತಿತು. ಮೊದಲು ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಎಕ್ಸ್‌ರೇ ನೋಡಿದೆ, ಅದೇ ಸಿಸ್ಟರನ್ನು ಕರೆದು ಬಲಗಡೆಯ ಉಸಿರನ್ನು ಅವರಿಗೂ ಕೇಳಿಸಿದೆ. ಆಮೇಲೆ ಕೇಸ್ ಶೀಟಿನಲ್ಲಿ ಬರೆದೆ.