ನೀರುಕರಡಿಯ ಹೆಸರು ದೊಡ್ಡದು, ಕೆಲಸ ಮಾಡುವುದು ಹಾವಸೆ

ನೀರುಕರಡಿ, ಅಂದರೆ ಟಾರ್ಡಿಗ್ರೇಡ್, ಬಗ್ಗೆ ಎಲ್ಲಿ ನೋಡಿದರೂ ಒಂದೇ ಮಾತು. ಕುದಿಸಿದರೂ ಸಾಯುವುದಿಲ್ಲ, ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ, ಬಾಹ್ಯಾಕಾಶಕ್ಕೆ ಎಸೆದರೂ ಬದುಕಿ ಬರುತ್ತದೆ. ಎಂಟು ಕಾಲಿನ ಗುಂಡು ಪ್ರಾಣಿಯ ಚಿತ್ರ ಹಾಕಿ ಕೆಳಗೆ ‘ಇದಕ್ಕೆ ಸಾವೇ ಇಲ್ಲ’ ಎಂದು ಬರೆದರೆ ಕೆಲಸ ಮುಗಿಯಿತು. ಅದು ಇರುವುದೆಲ್ಲಿ, ತಿನ್ನುವುದೇನು, ಅದನ್ನು ತಿನ್ನುವವರು ಯಾರು ಎಂದು ಕೇಳುವವರೇ ಇಲ್ಲ. ನನಗೆ ಇದು ಸ್ವಲ್ಪ ಕಿರಿಕಿರಿ.

ಯಾಕೆಂದರೆ ಸಾವಿಲ್ಲ ಎನ್ನುವ ಹೊಗಳಿಕೆಯೆಲ್ಲ ಒಣಗಿ ಮುದುಡಿಕೊಂಡ ನೀರುಕರಡಿಗೆ ಸೇರಬೇಕಾದ್ದು. ಒದ್ದೆಯಾಗಿ ಓಡಾಡುವ ನೀರುಕರಡಿ ಸಾಕಷ್ಟು ನಾಜೂಕಿನದು. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬಿಸಿಗೆ ಮೊದಲೇ ಒಗ್ಗಿಸದ ನೀರುಕರಡಿಗಳನ್ನು 24 ಗಂಟೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಟ್ಟಾಗ ಅರ್ಧದಷ್ಟು ಸತ್ತೇಹೋದವು. 37 ಡಿಗ್ರಿ ಅಂದರೆ ನಮ್ಮ ಮೈ ಬಿಸಿ ಅಷ್ಟೇ! 2007ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದವೂ ಒಣಗಿದವೇ. ನಿರ್ವಾತವನ್ನು ಚೆನ್ನಾಗಿಯೇ ತಡೆದುಕೊಂಡವು, ನಿಜ. ಆದರೆ ಸೂರ್ಯನ ಅಲ್ಟ್ರಾವಯಲೆಟ್ ಪೂರ್ತಿಯಾಗಿ ಬಿದ್ದವುಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು.

ಹಾಗಾದರೆ ಒಣಗುವ ಕಲೆಯೇ ಮುಖ್ಯ, ಅಲ್ವಾ? ಅದಕ್ಕೆ ಜಾಗ ಮಾಡಿಕೊಡುವುದು ಹಾವಸೆ, ಅಂದರೆ ಮಾಸ್.

ಕಾಡಿನಲ್ಲಿ ಮರದ ತೊಗಟೆಯ ಮೇಲೆ, ಬಂಡೆಯ ಮೇಲೆ, ಬಿದ್ದ ದಿಮ್ಮಿಯ ಮೇಲೆ ಹಸಿರಾಗಿ ಹರಡಿರುತ್ತದಲ್ಲ, ಅದಕ್ಕೆ ನಿಜವಾದ ಬೇರಿಲ್ಲ. ಹಿಡಿದುಕೊಳ್ಳಲು ಎಳೆಗಳಿವೆ, ಅಷ್ಟೇ. ಹೆಚ್ಚಿನವುಗಳ ಎಲೆ ಬಹುತೇಕ ಒಂದೇ ಜೀವಕೋಶದಷ್ಟು ದಪ್ಪ. ನೀರು ಕುಡಿಯುವುದೂ ಎಲೆಯಿಂದ, ಕಳೆದುಕೊಳ್ಳುವುದೂ ಎಲೆಯಿಂದ. ಮಳೆ ಬಂದಾಗ ಎಲೆ ಎಲೆಗಳ ಸಂದಿಯಲ್ಲಿ ನೀರು ತೆಳುವಾದ ಪೊರೆಯಂತೆ ನಿಲ್ಲುತ್ತದೆ. ನಾವು ಸುಮ್ನೆ ‘ಒದ್ದೆಯಾಗಿದೆ’ ಎನ್ನುವುದು ಅರ್ಧ ಮಿಲಿಮೀಟರ್ ಉದ್ದದ ಪ್ರಾಣಿಗೆ ಈಜಲು, ತೆವಳಲು, ಬೇಟೆಯಾಡಲು ಬೇಕಾದಷ್ಟು ಕೆರೆ.

ಆ ನೀರಿನಲ್ಲಿ ಬ್ಯಾಕ್ಟೀರಿಯಾ ಇವೆ, ಪಾಚಿಯ ಕಣಗಳಿವೆ, ಶಿಲೀಂಧ್ರದ ಎಳೆಗಳಿವೆ. ಅವನ್ನು ತಿನ್ನಲು ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ಬರುತ್ತವೆ. ಮೈಕ್ರೋಸ್ಕೋಪಿನಲ್ಲಿ ಇವನ್ನು ನೋಡುವುದೇ ಒಂದು ಮಜಾ. ಜಿಗಣೆಯ ಹಾಗೆ ಮೈ ಹಿಗ್ಗಿಸಿ ಕುಗ್ಗಿಸಿ ನಡೆದು ಬಂದು, ಹಿಂಗಾಲನ್ನು ಒಂದು ಕಡೆ ಊರಿ, ತಲೆಯಿಂದ ಎರಡು ಚಕ್ರ ಹೊರಹಾಕುತ್ತದೆ. ಚಕ್ರ ತಿರುಗಿದಂತೆ ಕಾಣುವುದು ಸಣ್ಣ ಸಣ್ಣ ರೋಮಗಳು ಸಾಲಾಗಿ ಬಡಿಯುವುದರಿಂದ. ನೀರು ಸುಳಿಯಾಗಿ ಬಾಯೊಳಗೆ ನುಗ್ಗುತ್ತದೆ, ಗಾಜಿನಂಥ ಮೈಯೊಳಗೆ ದವಡೆ ಅರೆಯುತ್ತಿರುವುದು ಕಾಣಿಸುತ್ತದೆ. ಹಾವಸೆಯಲ್ಲಿ ಜಾಸ್ತಿ ಸಿಗುವ ಗುಂಪಾದ ಡೆಲಾಯ್ಡ್ ರೋಟಿಫರ್‌ಗಳಲ್ಲಿ ಗಂಡು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಎಲ್ಲವೂ ಹೆಣ್ಣೇ.

ದುಂಡುಹುಳುಗಳೂ ಇವೆ, ಚಾಟಿಯಂತೆ ಹೊರಳಾಡುತ್ತಾ. ನೀರುಕರಡಿಗಳಲ್ಲಿ ಕೆಲವು ಸೂಜಿಯಂಥ ಬಾಯಿಂದ ಪಾಚಿ ಅಥವಾ ಹಾವಸೆಯ ಕೋಶ ಚುಚ್ಚಿ ರಸ ಹೀರುತ್ತವೆ. ಹೊಟ್ಟೆ ಹಸಿರಾಗಿರುವುದು ಹೊರಗಿನಿಂದಲೇ ಕಾಣುತ್ತದೆ. ಮಿಲ್ನೇಸಿಯಂ ಎಂಬ ಜಾತಿಯ ನೀರುಕರಡಿಗಳದ್ದು ಬೇರೆಯೇ ಸ್ವಭಾವ. ಅಗಲ ಬಾಯಿ, ರೋಟಿಫರ್, ದುಂಡುಹುಳು, ತನ್ನದೇ ಬಳಗದ ಸಣ್ಣ ನೀರುಕರಡಿ, ಏನು ಸಿಕ್ಕರೂ ಒಳಗೆ. ಇಂಥದ್ದರ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿದ ರೋಟಿಫರ್ ದವಡೆಗಳನ್ನು ನೋಡಿ ಏನು ತಿಂದಿದೆ ಎಂದು ಪತ್ತೆ ಹಚ್ಚುತ್ತಾರೆ. ಮುದ್ದುಮುದ್ದು ಕರಡಿ ಎಂದು ಬೊಂಬೆ ಮಾಡಿ ಮಾರುವವರಿಗೆ ಈ ಚಿತ್ರ ತೋರಿಸಬೇಕು.

ಈಗ ಮಳೆ ನಿಂತು ಬಿಸಿಲು ಬಂತು ಎನ್ನಿ. ನೀರಿನ ಪೊರೆ ತೆಳುವಾಗುತ್ತಾ ಬರುತ್ತದೆ. ನೀರುಕರಡಿ ಕಾಲುಗಳನ್ನು ಒಳಗೆಳೆದುಕೊಂಡು ಪುಟ್ಟ ಪೀಪಾಯಿಯಂತೆ ಮುದುಡುತ್ತದೆ. ಮೈಯ ನೀರೆಲ್ಲ ಹೋಗಿ ಕೊನೆಗೆ ಶೇಕಡ ಎರಡು ಮೂರರಷ್ಟು ಉಳಿಯುತ್ತದೆ, ಉಸಿರಾಟ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದರೆ ಇದಕ್ಕೆ ಸಮಯ ಬೇಕು. ಬರೀ ಗಾಜಿನ ಮೇಲೆ ಒಂದು ಹನಿಯಲ್ಲಿ ಬಿಟ್ಟು ಬೇಗ ಒಣಗಿಸಿದರೆ ಹೆಚ್ಚಿನವು ಮತ್ತೆ ಏಳುವುದಿಲ್ಲ. ಹಾವಸೆ ಒತ್ತೊತ್ತಾಗಿ ಬೆಳೆದಿರುತ್ತದೆ, ಒಣಗುವಾಗ ಎಲೆಗಳನ್ನು ಸುರುಳಿ ಸುತ್ತಿಕೊಳ್ಳುತ್ತದೆ, ಹಾಗಾಗಿ ಒಳಗಿನ ತೇವ ಮೆಲ್ಲಗೆ ಹೋಗುತ್ತದೆ, ಒಳಗಿರುವವರಿಗೆ ಮುದುಡಿಕೊಳ್ಳಲು ಪುರಸೊತ್ತು ಸಿಗುತ್ತದೆ. ಮಳೆ ಬಂದರೆ ಹಾವಸೆಯೂ ಏಳುತ್ತದೆ, ಅವೂ ಏಳುತ್ತವೆ.

ರೋಟಿಫರ್‌ಗಳು ಹೀಗೆ ಎದ್ದು ಬರುವುದನ್ನು ಮೈಕ್ರೋಸ್ಕೋಪಿನಲ್ಲಿ ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಡಚ್ಚರ ಲೇವನ್‌ಹುಕ್ 1702ರಲ್ಲೇ ನೋಡಿದ್ದ, ಮಾಡಿನ ದೋಣಿಯಲ್ಲಿ ಸೇರಿದ್ದ ಒಣ ಧೂಳಿಗೆ ನೀರು ಹಾಕಿ. ಎಷ್ಟು ವರ್ಷ ಹೀಗೆ ಇರಬಹುದು? 120 ವರ್ಷ ಹಳೆಯ ಹಾವಸೆಯಿಂದ ನೀರುಕರಡಿ ಎದ್ದ ಕತೆ ತುಂಬಾ ಓಡಾಡುತ್ತದೆ. 1948ರ ಆ ವರದಿಯಲ್ಲಿ ಇದ್ದದ್ದು ಒಂದರ ಕಾಲು ಸ್ವಲ್ಪ ಅಲುಗಿತು ಎಂದಷ್ಟೇ, ಎದ್ದು ಓಡಾಡಿದ್ದಲ್ಲ. ಗಟ್ಟಿ ಪುರಾವೆ ಬೇಕೆಂದರೆ ಅಂಟಾರ್ಕ್ಟಿಕಾದ ಹಾವಸೆ ಇದೆ. 1983ರಲ್ಲಿ ತಂದು ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಕರಗಿಸಿದರು. ಎರಡು ನೀರುಕರಡಿ ಎದ್ದವು, ಒಂದು ಇಪ್ಪತ್ತು ದಿನಕ್ಕೆ ಸತ್ತಿತು, ಇನ್ನೊಂದು ಮೊಟ್ಟೆ ಇಟ್ಟಿತು. ಅಲ್ಲೇ ಸಿಕ್ಕ ಹಳೆಯ ಮೊಟ್ಟೆಯೊಂದು ಒಡೆದು ಮರಿಯೂ ಬಂತು.

ಬಾಡಿಗೆದಾರರು ಬಾಡಿಗೆಯನ್ನೂ ಕೊಡುತ್ತಾರೆ. ಹಾವಸೆಯ ಗಂಡು ಕೋಶ ನೀರಿನಲ್ಲಿ ಈಜಿ ಹೆಣ್ಣನ್ನು ಸೇರಬೇಕು, ಅದು ಹೋಗುವ ದೂರ ತೀರಾ ಕಮ್ಮಿ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಂಡು, ಹೆಣ್ಣು ಹಾವಸೆಯನ್ನು ನಾಲ್ಕು ಸೆಂಟಿಮೀಟರ್‌ವರೆಗೆ ದೂರ ಇಟ್ಟರು. ಪ್ರಾಣಿಗಳಿಲ್ಲದ ಕಡೆ, ಒಂದಕ್ಕೊಂದು ತಾಗಿಕೊಂಡಿದ್ದವು ಮಾತ್ರ ಫಲಿಸಿದವು. ನುಸಿ ಮತ್ತು ಸ್ಪ್ರಿಂಗ್‌ಟೇಲ್ ಎಂಬ ನೆಗೆಯುವ ಪುಟಾಣಿ ಪ್ರಾಣಿಗಳನ್ನು ಒಳಗೆ ಬಿಟ್ಟ ಕಡೆ ದೂರದವೂ ಫಲಿಸಿದವು. ಹೂವಿಗೆ ಜೇನು ಮಾಡುವ ಕೆಲಸವನ್ನು ಇಲ್ಲಿ ಇವು ಮಾಡುತ್ತಿವೆ.

ನೋಡಬೇಕೆನಿಸಿದರೆ ಕಷ್ಟವೇನಿಲ್ಲ. ಉಗುರಿನಷ್ಟು ಹಾವಸೆ ಸಾಕು, ಇಡೀ ಹಾಸು ಕಿತ್ತು ತರಬೇಡಿ. ಮಳೆನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬೋರಲು ಹಿಡಿದು ಅಲ್ಲಾಡಿಸಿ, ಹಿಂಡಿ, ತಳದಲ್ಲಿ ಕೂತ ಕೊಳೆಯ ಹನಿಯನ್ನು 40 ಪಟ್ಟು ದೊಡ್ಡದಾಗಿ ನೋಡಿ. ಸದಾ ಒದ್ದೆಯಾಗಿರುವ ಹಾವಸೆಯನ್ನೇ ಹುಡುಕಿಕೊಂಡು ಹೋಗಬೇಡಿ, ಆಗಾಗ ಒಣಗುವ ಬಂಡೆ, ತೊಗಟೆಯ ಮೇಲಿನದೂ ಒಳ್ಳೆಯದೇ. ರೋಟಿಫರ್ ಮತ್ತು ದುಂಡುಹುಳು ಸಾಮಾನ್ಯವಾಗಿ ಮೊದಲೇ ಸಿಗುತ್ತವೆ. ನೀರುಕರಡಿ ಸಿಗದಿದ್ದರೆ ಬೇರೆ ಮರದ ಹಾವಸೆ ನೋಡಿ.