‘ಅದನ್ನೆಲ್ಲ ಯಾರು ನೋಡ್ತಾರೆ?’ ಅನ್ನುವವರಿಗೆ

ನಾನು ನೋಡುತ್ತೇನೆ. ಉತ್ತರ ಅಷ್ಟೇ. ಬೇಕಾದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ಕೇಳುವವರು ಮಾತ್ರ ನಿಲ್ಲಿಸುವುದಿಲ್ಲ. ಆಫೀಸಿನ ಲಿಫ್ಟಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ್ ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ, ಅದೇ ಪ್ರಶ್ನೆ: "ಐ-ಲೀಗ್ ಸೆಕೆಂಡ್ ಡಿವಿಷನ್ನಾ? ಅದನ್ನೆಲ್ಲ ಯಾರು ನೋಡ್ತಾರೆ?"

ನನಗೆ ಸಿಟ್ಟು ಬರುವುದು ‘ಯಾರು’ ಅನ್ನುವುದಕ್ಕಲ್ಲ, ‘ಅದನ್ನೆಲ್ಲ’ ಅನ್ನುವುದಕ್ಕೆ. ಹಳೇ ಪೇಪರು, ಒಡೆದ ಬಕೆಟ್ಟು, ಅಟ್ಟದ ಮೇಲಿನ ಟೇಪ್ ರೆಕಾರ್ಡರು, ಇವುಗಳ ಸಾಲಿಗೆ ಒಂದು ಇಡೀ ಫುಟ್‌ಬಾಲ್ ಲೀಗನ್ನು ಸೇರಿಸಿಬಿಡುತ್ತಾರೆ. ಅದನ್ನೆಲ್ಲ ಯಾಕೆ ಇಟ್ಕೊಂಡಿದೀಯ, ಎಸಿ ಆಚೆಗೆ, ಅನ್ನುವ ದನಿ ಅದು.

ಗೊತ್ತಿಲ್ಲದವರಿಗೆ ಎರಡು ಮಾತು. 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಅಂತ ಶುರುವಾಗಿದ್ದು 2007ರಲ್ಲಿ ಐ-ಲೀಗ್ ಆಯಿತು. ಅದರ ಕೆಳಗಿನದು, 2008ರಿಂದ ನಡೆದದ್ದು, ಐ-ಲೀಗ್ ಸೆಕೆಂಡ್ ಡಿವಿಷನ್. ಇಲ್ಲಿ ಗೆದ್ದವರು ಐ-ಲೀಗ್‌ಗೆ ಹತ್ತುತ್ತಿದ್ದರು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು, ನಿಧಾನಕ್ಕೆ ಎಲ್ಲರ ತಲೆ ಮೇಲೆ ಕುಳಿತುಕೊಂಡಿತು. ನಮ್ಮ ಸೆಕೆಂಡ್ ಡಿವಿಷನ್ ಹೆಸರು ಬದಲಿಸಿಕೊಂಡು ‘ಐ-ಲೀಗ್ 2’ ಆಯಿತು. ಹೆಸರಿನಲ್ಲಿ ಎರಡು, ಲೆಕ್ಕದಲ್ಲಿ ಮೂರನೇ ಮಹಡಿ. ಆಮೇಲೆ ಬಂದ ಐ-ಲೀಗ್ 3 ಹಾಗಾಗಿ ನಾಲ್ಕನೆಯದು. ಇದನ್ನು ಲಿಫ್ಟಿನಲ್ಲಿ ವಿವರಿಸಿ ನೋಡಿ. ಮೂರನೇ ಮಹಡಿ ಬರುವಷ್ಟರಲ್ಲಿ ಎಲ್ಲರೂ ಫೋನ್ ನೋಡುತ್ತಿರುತ್ತಾರೆ.

ಈ ಪ್ರಶ್ನೆ ನನ್ನ ಭಾವ ಕೇಳಿದ್ದು 2018ರ ಮೇ 27ರಂದು. ತಾರೀಕು ನೆನಪಿರುವುದಕ್ಕೆ ಕಾರಣ ಇದೆ. ಅವತ್ತು ಐಪಿಎಲ್ ಫೈನಲ್. ಅಧಿಕ ಮಾಸ ಬೇರೆ. ಅಮ್ಮ ಅಕ್ಕ-ಭಾವನನ್ನು ಊಟಕ್ಕೆ ಕರೆದಿದ್ದಳು. ತಟ್ಟೆಯಲ್ಲಿ ಎಣಿಸಿ 33 ಅತಿರಸ, ಅಳಿಯನಿಗೆ ದಾನ. ನಾನು ಒಂದಕ್ಕೆ ಕೈ ಹಾಕಿದ್ದಕ್ಕೆ ಬೈಸಿಕೊಂಡೆ. ಲೆಕ್ಕ ತಪ್ಪುತ್ತಂತೆ.

ಭಾವ ಟಿವಿ ಮುಂದೆ ಕಾಲು ಚಾಚಿ, "ಬುಧವಾರ ಮಧ್ಯಾಹ್ನ ಬಿಡುವು ಮಾಡ್ಕೊಳಪ್ಪ, ಒಂದು ಸೈಟ್ ನೋಡ್ಕೊಂಡು ಬರೋಣ. ತಗೊಳ್ಳೋದು ಆಮೇಲೆ, ಸುಮ್ನೆ ನೋಡೋಕೆ ಅಧಿಕ ಮಾಸ ಏನೂ ಅಡ್ಡ ಇಲ್ಲ" ಅಂದರು.

"ಬುಧವಾರ ಆಗಲ್ಲ ಭಾವ. ಮ್ಯಾಚ್ ಇದೆ. ಸೆಕೆಂಡ್ ಡಿವಿಷನ್ ಫೈನಲ್ ರೌಂಡು, ಬೆಂಗಳೂರಲ್ಲೇ."

"ಯಾರು ಯಾರು?"

"ರಿಯಲ್ ಕಾಶ್ಮೀರ್, ದೆಹಲಿಯ ಹಿಂದೂಸ್ತಾನ್ ಎಫ್‌ಸಿ."

"ಅದನ್ನೆಲ್ಲ ಯಾರು ನೋಡ್ತಾರೋ?"

ನಾನು ವಿವರಿಸಲು ಹೊರಟೆ. ಅದೇ ತಪ್ಪು. ಭಾವ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿ ಪಳಗಿದವರು. "ಗೆದ್ರೆ ಐಎಸ್‌ಎಲ್‌ಗೆ ಹೋಗ್ತಾರಾ?" ಇಲ್ಲ ಭಾವ, ಐ-ಲೀಗ್‌ಗೆ. "ಅಲ್ಲಿ ಗೆದ್ರೆ?" ಅಲ್ಲೇ ಇರ್ತಾರೆ. "ಸೋತ್ರೆ?" ಮತ್ತೆ ಕೆಳಗೆ. "ಅಂದ್ರೆ ಮೇಲಕ್ಕೆ ಏಣಿ ಇಲ್ಲ, ಕೆಳಕ್ಕೆ ಜಾರುಬಂಡೆ ಮಾತ್ರ ಇದೆ."

ಆವತ್ತಿನ ಭಾರತದ ಫುಟ್‌ಬಾಲನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಹತ್ತುವ ಏಣಿ ಬಂದದ್ದು 2023ರಲ್ಲಿ. ಪಂಜಾಬ್ ಎಫ್‌ಸಿ ಹತ್ತಿತು, ಮರುವರ್ಷ ಕೋಲ್ಕತ್ತದ ಮೊಹಮ್ಮದನ್ ಸ್ಪೋರ್ಟಿಂಗ್. ಆದರೆ ಅವತ್ತು ಒಪ್ಪಿಕೊಳ್ಳುವ ಮನಸ್ಸು ನನಗಿರಲಿಲ್ಲ. "11 ಸೀಸನ್ ಆಡಿ ಒಂದು ಕಪ್ ಗೆಲ್ಲದ ಟೀಮನ್ನ ನೀವು ನೋಡ್ತಿಲ್ವಾ?" ಅಂದುಬಿಟ್ಟೆ. ಆರ್‌ಸಿಬಿ ಇಲ್ಲದ ಫೈನಲ್ ನೋಡಲು ಕುಳಿತ ಮನುಷ್ಯನಿಗೆ ಅನ್ನಬಾರದ ಮಾತು. ಅಮ್ಮ ಒಳಗಿನಿಂದಲೇ ನನ್ನ ಹೆಸರು ಕರೆದಳು, ಗಟ್ಟಿಯಾಗಿ.

ನೋಡಲು ಏನಿದೆ ಅಂತ ಕೇಳಿದರೆ ಹೇಳಬಹುದಿತ್ತು. ಯಾರೂ ಹಾಗೆ ಕೇಳುವುದಿಲ್ಲವಲ್ಲ.

ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಗರುಡಾ ಮಾಲಿಗೆ ಹೋಗುವವರು ಅದರ ಹತ್ತಿರದಲ್ಲೇ ಪಾರ್ಕಿಂಗ್ ಹುಡುಕುತ್ತಿರುತ್ತಾರೆ. 2013ರಲ್ಲಿ ಬೆಂಗಳೂರು ಎಫ್‌ಸಿ ಆಟ ಶುರುಮಾಡಿದ್ದು ಇಲ್ಲೇ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದದ್ದೂ ಇಲ್ಲಿ ಆಡುತ್ತಿದ್ದಾಗಲೇ. ಅವರ ಅಭಿಮಾನಿಗಳ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅನ್ನುವ ಹೆಸರು ಇಲ್ಲಿನ ಪಶ್ಚಿಮದ ಗ್ಯಾಲರಿಯದು. ಕಂಠೀರವ ಸ್ಟೇಡಿಯಂಗೆ ಹೋಗುವಾಗ ಹೆಸರನ್ನೂ ತೆಗೆದುಕೊಂಡು ಹೋದರು.

ಕೆಲಸದ ದಿನ ಮಧ್ಯಾಹ್ನದ ಮ್ಯಾಚು ಅಂದರೆ ಜನ ಕಡಿಮೆ. ಜನ ಕಡಿಮೆ ಇದ್ದರೆ ಆಟ ಕಿವಿಗೆ ಬೀಳುತ್ತದೆ. ಗೋಲ್‌ಕೀಪರ್ 90 ನಿಮಿಷ ಬಾಯಿ ಮುಚ್ಚುವುದಿಲ್ಲ. ಅವನು ಮಲಯಾಳಂನಲ್ಲಿ ಬೈದರೆ ಸ್ಟಾಪರ್ ತಮಿಳಿನಲ್ಲಿ ತಿರುಗಿ ಬೈಯುತ್ತಾನೆ, ಇಬ್ಬರಿಗೂ ಅರ್ಥವಾಗುತ್ತದೆ. ಕೋಚಿಗೆ ಸಿಟ್ಟು ಬಂದರೆ ಇಂಗ್ಲಿಷು, ಜಾಸ್ತಿ ಬಂದರೆ ಹಿಂದಿ. ಶಿನ್ ಪ್ಯಾಡಿಗೆ ಬೂಟು ತಾಗಿದ ‘ಟಕ್’ ಸದ್ದು ನನ್ನ ಸೀಟಿನ ತನಕ ಬರುತ್ತದೆ. ಅದು ಕೃತಕ ಹುಲ್ಲಿನ ಅಂಕಣ, ಬಿಸಿಲಿಗೆ ಹೆಂಚಿನ ಹಾಗೆ ಕಾದಿರುತ್ತದೆ. ಜಾರಿ ಬಿದ್ದ ಹುಡುಗನ ತೊಡೆಗೆ ಫಿಸಿಯೋ ಬಾಟಲಿ ನೀರು ಸುರಿದರೆ, ರಕ್ತದ ಜೊತೆ ಸಾಸಿವೆಯಂಥ ಕಪ್ಪು ರಬ್ಬರ್ ಚೂರುಗಳು ಇಳಿಯುತ್ತವೆ. ಅವನು ಅದನ್ನು ಸಾಕ್ಸಿನಿಂದ ಒರೆಸಿಕೊಂಡು ಎದ್ದು ಓಡುತ್ತಾನೆ.

ಒಂದು ಸಲ ಬೇಲಿಯ ಆಚೆ ವಾರ್ಮ್ ಅಪ್ ಮಾಡುತ್ತಿದ್ದ ಸಬ್ ಹುಡುಗ ನನ್ನ ಕಡೆ ತಿರುಗಿ, "ಅಣ್ಣಾ, ಆ ಇನ್ನೊಂದು ಮ್ಯಾಚ್ ಸ್ಕೋರ್ ಎಷ್ಟು? ಸ್ವಲ್ಪ ನೋಡಿ" ಅಂದ. ಅವರ ಗುಂಪಿನ ಇನ್ನೆರಡು ಟೀಮುಗಳು ಅದೇ ಹೊತ್ತಿಗೆ ಬೇರೆ ಊರಲ್ಲಿ ಆಡುತ್ತಿದ್ದವು. ನೋಡಿ ಹೇಳಿದೆ. ಅವನು ಬೆಂಚಿಗೆ ಓಡಿಹೋಗಿ ಕೋಚಿನ ಕಿವಿಯಲ್ಲಿ ಊದಿದ. ಎರಡು ನಿಮಿಷಕ್ಕೆ ಒಬ್ಬ ಡಿಫೆಂಡರ್ ಆಚೆ, ಒಬ್ಬ ಸ್ಟ್ರೈಕರ್ ಒಳಗೆ. ಐಎಸ್‌ಎಲ್‌ನಲ್ಲಿ ನಿಮ್ಮನ್ನ ಯಾರಾದರೂ ಸ್ಕೋರ್ ಕೇಳಿದ್ದಾರಾ?

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾರು ನೋಡ್ತಾರೆ ಅಂತಲ್ಲ. ಗೆದ್ದವರು ಆಮೇಲೆ ಏನಾದರು ಅಂತ ಕೇಳಿ.

2008ರಲ್ಲಿ ಸೆಕೆಂಡ್ ಡಿವಿಷನ್ ಗೆದ್ದದ್ದು ಮುಂಬೈ ಎಫ್‌ಸಿ. 2017ರಲ್ಲಿ ಐ-ಲೀಗ್‌ನಿಂದ ಇಳಿದರು, ಬಾಗಿಲು ಹಾಕಿದರು. 2010ರಲ್ಲಿ ನಮ್ಮ ಎಚ್‌ಎಎಲ್ ಟೀಮು ಮೇಲೆ ಹೋಯಿತು, 2012ರಲ್ಲಿ ವಾಪಸ್ ಬಂತು. 2011ರಲ್ಲಿ ಇಳಿದ ಪಂಜಾಬಿನ ಜೆಸಿಟಿ 1996-97ರ ಮೊಟ್ಟಮೊದಲ ನ್ಯಾಷನಲ್ ಲೀಗ್ ಚಾಂಪಿಯನ್. ಇಳಿದ ವರ್ಷವೇ ಅವರು ಟೀಮನ್ನೇ ಮುಚ್ಚಿದರು. 2014ರಲ್ಲಿ ಗೆದ್ದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ಮರುವರ್ಷ ಐ-ಲೀಗ್‌ನಲ್ಲಿ ಮೂರನೇ ಸ್ಥಾನ ಪಡೆಯಿತು. ಮೂರನೇ ಸ್ಥಾನ ಬಂದವರು ಏನು ಮಾಡಬೇಕು? ಅವರು ಲೀಗ್ ಬಿಟ್ಟು ಹೋದರು. ಗೋವಾದ ಡೆಂಪೊ ಐದು ಸಲ ದೇಶದ ಚಾಂಪಿಯನ್. 2015ರಲ್ಲಿ ಕೆಳಗೆ ಬಿತ್ತು, 2016ರಲ್ಲಿ ಸೆಕೆಂಡ್ ಡಿವಿಷನ್ ಗೆದ್ದಿತು, ಅದೇ ವರ್ಷ ಐ-ಲೀಗ್ ಸಹವಾಸವೇ ಬೇಡ ಅಂತ ಹೊರಗೆ ನಡೆಯಿತು. ಐಎಸ್‌ಎಲ್ಲನ್ನು ಮೇಲೆ ಕೂರಿಸಲು ಹೊರಟದ್ದಕ್ಕೆ ಸಿಟ್ಟು.

ಗೆಲ್ಲುವುದೆಂದರೆ ಇಲ್ಲಿ ಆನೆ ಬಹುಮಾನ ಬಂದ ಹಾಗೆ. ಫೋಟೋ ಚೆನ್ನಾಗಿ ಬರುತ್ತದೆ, ಮೇವು ಯಾರು ಹಾಕುವುದು? ಶ್ರೀನಗರಕ್ಕೆ, ಐಜಾಲಿಗೆ ವಿಮಾನ, ಮೂವತ್ತು ಜನಕ್ಕೆ ಹೋಟೆಲು, ವಿದೇಶಿ ಆಟಗಾರರು, ಲೈಸೆನ್ಸಿನ ಶರತ್ತುಗಳು. ಗೇಟಿನಲ್ಲಿ ಬರುವ ದುಡ್ಡು ಗೇಟ್ ಕಾಯುವವನ ಕಾಫಿಗೆ ಸಾಕು.

ಎಲ್ಲ ಗೋಳೇ ಅಂತಲ್ಲ. ಮಿಜೋರಾಂನ ಐಜಾಲ್ ಎಫ್‌ಸಿ 2015ರಲ್ಲಿ ಸೆಕೆಂಡ್ ಡಿವಿಷನ್ ಗೆದ್ದು ಮೇಲೆ ಹೋಯಿತು, 2016ರಲ್ಲಿ ಇಳಿಯಿತು. ಗೋವಾದ ಕ್ಲಬ್ಬುಗಳು ಬಿಟ್ಟುಹೋದ ಜಾಗದಲ್ಲಿ ಮತ್ತೆ ಒಳಗೆ ಬಿಟ್ಟರು. 2017ರಲ್ಲಿ ಖಾಲಿದ್ ಜಮೀಲ್ ಕೋಚ್, ಐಜಾಲ್ ಐ-ಲೀಗ್ ಚಾಂಪಿಯನ್! ಹಿಂದಿನ ವರ್ಷ ಫೇಲಾದ ಹುಡುಗ ಗ್ರೇಸ್ ಮಾರ್ಕ್ಸ್ ತಗೊಂಡು ಪಾಸಾಗಿ, ಮುಂದಿನ ವರ್ಷ ರ‍್ಯಾಂಕ್ ಬಂದ ಹಾಗೆ. ನಮ್ಮ ಊರಿನ ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದಾಗ ನಾನೂ ಐಜಾಲ್ ಕನಸು ಕಂಡೆ. 2025ರಲ್ಲಿ ಇಳಿದರು. ಅದೇ ಸೀಸನ್ನಿನ ಐ-ಲೀಗ್ ಚಾಂಪಿಯನ್ ಯಾರು ಅಂತ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯ ಹೇಳಬೇಕಾಯಿತು. ಮೊದಲು ಚರ್ಚಿಲ್ ಬ್ರದರ್ಸ್ ಅಂದಿದ್ದರು, ಜುಲೈನಲ್ಲಿ ಇಂಟರ್ ಕಾಶಿ ಆಯಿತು. ಇದನ್ನು ಭಾವನಿಗೆ ನಾನು ಹೇಳಿಲ್ಲ.

ಆ ಬುಧವಾರಕ್ಕೆ ಬರುತ್ತೇನೆ.

ಮೇ 30. ಅರ್ಧ ದಿನ ರಜೆ ಬರೆದುಕೊಟ್ಟಿದ್ದೆ. ಬ್ಯಾಗಿನಲ್ಲಿ ಛತ್ರಿ, ನೀರಿನ ಬಾಟಲಿ, ಅಮ್ಮ ಕದ್ದು ಕೊಟ್ಟ ಎರಡು ಅತಿರಸ. ಹೊರಡುವ ಹೊತ್ತಿಗೆ ಮೀಟಿಂಗ್ ಕರೆದರು. ಹತ್ತು ನಿಮಿಷ ಅಂದದ್ದು ಸಂಜೆ ತನಕ ಎಳೆಯಿತು. ಒಂದು ಎಕ್ಸೆಲ್ ಶೀಟಿನ ಕಾಲಮ್ಮಿಗೆ ಯಾವ ಬಣ್ಣ ಹಾಕಬೇಕು ಅನ್ನುವುದು ವಿಷಯ. ಎದ್ದು ಹೋಗಬಹುದಿತ್ತು. "ಮ್ಯಾಚ್ ಇದೆ" ಅಂದರೆ ಅಲ್ಲಿರುವ ಎಂಟು ಜನ ಯಾವ ಪ್ರಶ್ನೆ ಕೇಳುತ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಏಳಲಿಲ್ಲ.

ಮೇಜಿನ ಕೆಳಗೆ ಫೋನ್ ಹಿಡಿದು ಸ್ಕೋರ್ ನೋಡಿದೆ. ರಿಯಲ್ ಕಾಶ್ಮೀರ್ 3, ಹಿಂದೂಸ್ತಾನ್ 2. ಎರಡು ವರ್ಷದ ಹಿಂದೆ ಹುಟ್ಟಿದ ಕ್ಲಬ್ಬು, ಗ್ಲಾಸ್ಗೋದ ರೇಂಜರ್ಸ್‌ಗೆ ಆಡಿದ್ದ ಡೇವಿಡ್ ರಾಬರ್ಟ್‌ಸನ್ ಕೋಚು. ಕಾಶ್ಮೀರದಿಂದ ಐ-ಲೀಗ್‌ಗೆ ಹೋದ ಮೊದಲ ತಂಡ. ಅದು ನಡೆದದ್ದು ನನ್ನ ಊರಿನಲ್ಲಿ. ನಾನು ಆಗ ತಿಳಿ ಹಸಿರೋ ಗಾಢ ಹಸಿರೋ ಅನ್ನುವ ಚರ್ಚೆಯಲ್ಲಿದ್ದೆ.

ಮರುದಿನ ಬೆಳಿಗ್ಗೆ ಭಾವನ ಫೋನು. ಪೇಪರಿನಲ್ಲಿ ಓದಿದ್ದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ.

"ಕಾಶ್ಮೀರದ ಹುಡುಗರು ಗೆದ್ರಂತಲ್ಲೋ. ಹೋಗಿದ್ಯಾ?"

"ಹೂಂ ಭಾವ, ಹೋಗಿದ್ದೆ."

"ಹೆಂಗಿತ್ತು?"

"ಚೆನ್ನಾಗಿತ್ತು. ಕೊನೇ ತನಕ ಟೈಟು."

"ಜನ ಇದ್ರಾ?"

"ಪರವಾಗಿಲ್ಲ, ಇದ್ರು."

"ಮುಂದಿನ ಸಲ ಹೇಳು, ನಾನೂ ಬರ್ತೀನಿ" ಅಂದರು. ಆಮೇಲೆ ಸೈಟಿನ ವಿಷಯ ಶುರುಮಾಡಿದರು. ದಾರಿ ಸರಿ ಇಲ್ಲವಂತೆ.